ನಾಯಿಯೂ ಇರಲಿ, ಅಡ್ವಾನ್ಸೂ ಬರಲಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಓನರ್ ಕೇಳುವ ಪ್ರಶ್ನೆಗಳೆಲ್ಲ ಬಾಯಿಪಾಠ. ಎಷ್ಟು ಜನ ಇರ್ತೀರಿ, ಎಲ್ಲಿ ಕೆಲಸ, ಯಾವ ಊರು, ವೆಜ್ಜಾ ನಾನ್‌ವೆಜ್ಜಾ. ಈಗ ಆ ಸಾಲಿಗೆ ಇನ್ನೊಂದು ಸೇರಿದೆ: ‘ನಾಯಿಗೀಯಿ ಏನಾದ್ರೂ ಇದೆಯಾ?’ ಇದಕ್ಕೆ ‘ಇಲ್ಲ’ ಅಂದು ಮನೆ ಹಿಡಿದು, ಹದಿನೈದು ದಿನ ಕಳೆದ ಮೇಲೆ ರಾತ್ರಿ ಹೊತ್ತು ನಾಯಿಯನ್ನು ಕಾರಿನಲ್ಲಿ ಕರೆತರುವವರಿದ್ದಾರೆ. ಬೆಕ್ಕಾದರೆ ಗೊತ್ತೇ ಆಗುವುದಿಲ್ಲ ಎಂದುಕೊಳ್ಳುವವರೂ ಉಂಟು. ಕಿಟಕಿಯಲ್ಲಿ ಕೂತ ಬೆಕ್ಕನ್ನು ಎದುರು ಮನೆಯವರು ನೋಡುತ್ತಾರೆ, ಎದುರು ಮನೆಯವರಿಗೆ ಓನರ್ ನಂಬರ್ ಗೊತ್ತಿರುತ್ತದೆ. ಅಲ್ಲಿಂದಾಚೆ ಬಾಗಿಲ ಮೇಲಿನ ಹಳೆಯ ಗೀರು, ಗೋಡೆಯ ತೇವ, ಬಚ್ಚಲ ವಾಸನೆ ಎಲ್ಲವೂ ಆ ಪ್ರಾಣಿಯ ಲೆಕ್ಕಕ್ಕೇ ಬೀಳುತ್ತವೆ.

ಅಡ್ವಾನ್ಸಿನ ಜಗಳ ಕಣ್ಣಿಗೆ ಬೀಳುವುದು ಮನೆ ಬಿಡುವ ದಿನ. ಆದರೆ ಅದರ ತೀರ್ಮಾನ ಮನೆಗೆ ಬಂದ ಮೊದಲ ವಾರದಲ್ಲೇ ಆಗಿಹೋಗಿರುತ್ತದೆ. ಏನು ಹೇಳಿದಿರಿ, ಏನು ಬರೆಸಿದಿರಿ, ಯಾವ ಫೋಟೊ ತೆಗೆದಿಟ್ಟಿರಿ ಎಂಬುದರ ಮೇಲೆ ಹಣ ನಿಂತಿರುತ್ತದೆ. ಹಾಗಾಗಿ ಈ ಲೇಖನದ ಹೆಚ್ಚು ಭಾಗ ಮನೆ ಹಿಡಿಯುವ ಹಂತದ್ದು.

ಯಾರು ಬೇಡ ಎನ್ನಬಹುದು, ಯಾರು ಎನ್ನುವಂತಿಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಸಾಕುಪ್ರಾಣಿ ಬೇಡ ಅನ್ನಲು ಯಾರಿಗೂ ಹಕ್ಕಿಲ್ಲ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ಅರ್ಧ ಸತ್ಯ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಸುತ್ತೋಲೆ ಅಪಾರ್ಟ್‌ಮೆಂಟ್ ಸಂಘಗಳಿಗೆ, ಬಡಾವಣೆ ನಿವಾಸಿಗಳ ಸಂಘಗಳಿಗೆ ಸಂಬಂಧಿಸಿದ್ದು. ಸಂಘವು ಬಹುಮತದ ನಿರ್ಣಯ ಮಾಡಿದರೂ ಸಾಕುನಾಯಿ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ, ನಾಯಿ ಇದೆಯೆಂದು ಪ್ರತ್ಯೇಕ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಸಾಕುಪ್ರಾಣಿ ನಿಷೇಧಿಸುವ ಸಂಘದ ಬೈಲಾ ಊರ್ಜಿತವಲ್ಲ ಎಂದು ಕೇರಳ ಹೈಕೋರ್ಟ್ ಕೂಡ 2021ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲವಾದರೂ ವಾದಕ್ಕೆ ಬಲ ಕೊಡುತ್ತದೆ.

ಮನೆಯ ಮಾಲೀಕರ ವಿಷಯ ಬೇರೆ. ತನ್ನ ಮನೆಯನ್ನು ನಾಯಿ ಇರುವವರಿಗೆ ಕೊಡುವುದಿಲ್ಲ ಎಂದರೆ ಅವರನ್ನು ಬಲವಂತ ಮಾಡುವ ಕಾನೂನು ನಮ್ಮಲ್ಲಿಲ್ಲ. ಅದು ಇಬ್ಬರ ನಡುವಿನ ಕರಾರಿನ ಮಾತು. ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿಯುವವರು ಎರಡೂ ಕಡೆ ಕೇಳಬೇಕು: ಓನರ್ ಒಪ್ಪಿಗೆ ಇದೆಯೇ, ಸಂಘದ ನಿಯಮ ಏನಿದೆ. ಸಂಘದ ಜೊತೆ ವಾದ ಮಾಡಬಹುದು. ಓನರ್ ಜೊತೆ ಮಾತಾಡಿಯೇ ಒಪ್ಪಿಸಬೇಕು.

ಮಾತು ಹೇಗೆ ಶುರು ಮಾಡುವುದು

ಬ್ರೋಕರ್‌ಗೆ ಮೊದಲ ಫೋನಿನಲ್ಲೇ ಹೇಳಿಬಿಡಿ. ‘ಮೊದಲು ಮನೆ ನೋಡಿ ಸಾರ್, ಆಮೇಲೆ ನಾನು ಮಾತಾಡ್ತೀನಿ’ ಎಂದು ಅವರು ಹೇಳಿದರೆ ನಂಬಬೇಡಿ. ಒಂದು ತಿಂಗಳ ಬಾಡಿಗೆ ಕಮಿಷನ್ ಕೈಗೆ ಬಂದ ಮೇಲೆ ಅವರು ಮಾತಾಡುವುದಿಲ್ಲ. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಓನರ್ ಕಿವಿಗೆ ನಿಮ್ಮ ಬಾಯಿಂದಲೇ ವಿಷಯ ಬೀಳಲಿ.

ಓನರ್ ಕೆಳಗಡೆ, ಬಾಡಿಗೆದಾರರು ಮೇಲ್ಗಡೆ ಎಂಬುದು ನಮ್ಮ ಮೂವತ್ತು-ನಲವತ್ತು ಸೈಟಿನ ಮನೆಗಳ ರಿವಾಜು. ಅಂಥ ಕಡೆ ಅವರ ಆತಂಕಗಳನ್ನು ಕೇಳಿಸಿಕೊಂಡರೆ ಅರ್ಧ ಕೆಲಸ ಆದಂತೆ. ಬೊಗಳುವುದು ಮೊದಲನೆಯದು. ಎರಡನೆಯದು ಟೆರೇಸ್. ನಾಯಿಯನ್ನು ಟೆರೇಸಿಗೆ ಬಿಟ್ಟು ಅಲ್ಲೇ ಕಕ್ಕ ಮಾಡಿಸಿ, ಪೈಪಿನಲ್ಲಿ ನೀರು ಬಿಟ್ಟು ತೊಳೆಯುವವರ ಕಥೆ ಎಲ್ಲ ಓನರ್‌ಗಳಿಗೂ ಗೊತ್ತು. ಬೆಂಗಳೂರಿನಲ್ಲಿ ಇದು ಬರೀ ಮಡಿ-ಮೈಲಿಗೆಯ ಮಾತಲ್ಲ. ಜಲಮಂಡಳಿ 2009ರಿಂದ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ ಮೇಲೆ ಎಷ್ಟೋ ಮನೆಗಳಲ್ಲಿ ಟೆರೇಸಿನ ನೀರು ಫಿಲ್ಟರ್ ಮೂಲಕ ಸಂಪಿಗೇ ಇಳಿಯುತ್ತದೆ. ಕೆಳಗಿನ ಮನೆಯವರು ಆ ನೀರಿನಲ್ಲೇ ಸ್ನಾನ ಮಾಡುತ್ತಾರೆ. ‘ಟೆರೇಸಿಗೆ ನಾಯಿ ಬಿಡುವುದಿಲ್ಲ’ ಎಂದು ನೀವಾಗಿಯೇ ಹೇಳಿ ನೋಡಿ, ಎದುರಿನವರ ಮುಖ ಸಡಿಲಾಗುತ್ತದೆ.

ಮಾತು ಹೀಗಿರಬಹುದು: ‘ಆಂಟಿ, ನಮ್ಮನೇಲಿ ಒಂದು ನಾಯಿ ಇದೆ, ನಾಲ್ಕು ವರ್ಷದ್ದು. ಆಪರೇಷನ್ ಆಗಿದೆ, ಇಂಜೆಕ್ಷನ್ ಬುಕ್ ತಂದಿದೀನಿ ನೋಡಿ. ಹಿಂದಿನ ಓನರ್ ನಂಬರ್ ಕೊಡ್ತೀನಿ, ಬೇಕಾದ್ರೆ ಒಂದ್ಸಲ ಮಾತಾಡಿ. ಭಾನುವಾರ ಕರ್ಕೊಂಡ್ ಬರ್ತೀನಿ, ನೀವೇ ನೋಡಿ ಹೇಳಿ.’ ಒಪ್ಪಿಸುವ ಶಕ್ತಿ ಇರುವುದು ಆ ಹಿಂದಿನ ಓನರ್ ನಂಬರಿಗೆ. ಅವರಿಂದ ಎರಡು ಸಾಲಿನ ಮೆಸೇಜ್ ಬರೆಸಿ ಇಟ್ಟುಕೊಂಡರೆ ಮುಂದಿನ ಮೂರು ಮನೆಗೂ ಅದು ಕೆಲಸಕ್ಕೆ ಬರುತ್ತದೆ.

ಜೊತೆಗೆ ಒಂದು ಫೈಲ್ ಇಟ್ಟುಕೊಳ್ಳಿ. ರೇಬಿಸ್ ಲಸಿಕೆಯ ದಾಖಲೆ, ಸಂತಾನಹರಣ ಚಿಕಿತ್ಸೆಯ ಚೀಟಿ, ಪಾಲಿಕೆಯಲ್ಲಿ ಮಾಡಿಸಿದ ಸಾಕುನಾಯಿ ಲೈಸೆನ್ಸ್, ಪಶುವೈದ್ಯರ ನಂಬರ್, ನೀವು ಊರಿಗೆ ಹೋದಾಗ ನೋಡಿಕೊಳ್ಳುವವರ ಹೆಸರು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ದೀಪಾವಳಿಗೆ ನೀವು ಊರಿಗೆ ಹೋಗಿ, ನಾಯಿ ಮನೆಯಲ್ಲಿ ಒಂದೇ ಬೊಗಳಿಕೊಂಡಿದ್ದರೆ ಫೋನ್ ಹೋಗುವುದು ಓನರ್‌ಗೇ.

ತಳಿಯ ಪ್ರಶ್ನೆಯೂ ಬರುತ್ತದೆ. ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟ, ಆಮದು ತಡೆಯಬೇಕೆಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುತ್ತೋಲೆ ಹೋದರೂ ಓನರ್ ಭಯ ಹೋಗಿಲ್ಲ. ಅಂಥ ನಾಯಿ ಇದ್ದವರು ಮೊದಲ ಭೇಟಿಗೇ ಅದನ್ನು ಕರೆತರುವುದು ಒಳ್ಳೆಯದು, ಹಗ್ಗ ಹಿಡಿದು, ಬಾಯಿಗೆ ಮಜಲ್ ಹಾಕಿ. ಮುಧೋಳ ನಾಯಿ ಇಟ್ಟುಕೊಂಡವರು ಬೇರೆ ಥರ ಯೋಚಿಸಬೇಕು. ಅದು ಕಚ್ಚುತ್ತದೆ ಎಂಬುದಕ್ಕಿಂತ ಓಡಲು ಜಾಗವಿಲ್ಲದೆ ಬಾಗಿಲು ಕೆರೆಯುತ್ತದೆ ಎಂಬುದು ಬಾಡಿಗೆ ಮನೆಯಲ್ಲಿ ದೊಡ್ಡ ತೊಂದರೆ. ಯಾವ ತಳಿಯೇ ಆಗಲಿ, ನಿರ್ಲಕ್ಷ್ಯದಿಂದ ಪ್ರಾಣಿ ಯಾರಿಗಾದರೂ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಇದೆ.

ಗಿಳಿ, ನಕ್ಷತ್ರ ಆಮೆ ಸಾಕುವವರಿಗೆ ಒಂದು ಮಾತು. ಅವು ಸಾಕುಪ್ರಾಣಿಗಳಲ್ಲ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಅಡ್ವಾನ್ಸ್ ಉಳಿಸಿಕೊಳ್ಳುವ ಉಪಾಯ ಯಾವುದೂ ಇಲ್ಲ.

ಎಷ್ಟು ಅಡ್ವಾನ್ಸ್, ಯಾವ ಕಾನೂನು

ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಬೆಂಗಳೂರಿನ ಪದ್ಧತಿ ದೇಶದಲ್ಲೆಲ್ಲ ಹೆಸರುವಾಸಿ. ಈಗ ಐದಾರು ತಿಂಗಳಿಗೆ ಇಳಿಸುವ ಓನರ್‌ಗಳೂ ಸಿಗುತ್ತಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ತಮ್ಮ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಜಾರಿ. ಅದನ್ನು ತೋರಿಸಿ ಓನರ್ ಜೊತೆ ಚೌಕಾಸಿ ಮಾಡಬಹುದು, ಕೋರ್ಟಿಗೆ ಹೋಗಲಾಗದು.

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ ರಕ್ಷಣೆಗೆ ಬಾಡಿಗೆಯ ಮಿತಿ ಇದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆ ಅದರ ಹೊರಗೆ. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಏನು ಸಿಗುತ್ತದೆ ಎಂದು ಹೇಳಬೇಕಿಲ್ಲ. ಹೀಗಾಗಿ ನಮ್ಮ ಮನೆಗಳಲ್ಲಿ ಹೆಚ್ಚಿನವು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಅಗ್ರಿಮೆಂಟ್, ಇವೆರಡರ ಮೇಲೆ ನಡೆಯುತ್ತವೆ. ಅಗ್ರಿಮೆಂಟನ್ನು ಓದದೆ ಸಹಿ ಹಾಕುವವರಿಗೆ ಇದಕ್ಕಿಂತ ಗಟ್ಟಿಯಾದ ಎಚ್ಚರಿಕೆ ಬೇಕಿಲ್ಲ.

1882ರ ಆ ಹಳೆಯ ಕಾಯ್ದೆಯ 108ನೇ ಕಲಮು ಬಾಡಿಗೆದಾರರ ಪರ ಒಂದು ಒಳ್ಳೆಯ ಮಾತು ಹೇಳುತ್ತದೆ. ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಸಹಜ ಬಳಕೆಯಿಂದ ಆಗುವ ಸವೆತವನ್ನು ಬಿಟ್ಟು. ಅದೇ ಕಲಮು ಓನರ್ ಪರವೂ ಇದೆ. ನಿಮ್ಮ ಕಡೆಯಿಂದ ಹಾಳಾದದ್ದನ್ನು ಅವರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಮಾಡಿಸಿಕೊಡಬೇಕು. ಸವೆತ ಯಾವುದು, ಹಾಳು ಯಾವುದು ಎಂಬ ಗೆರೆಯ ಮೇಲೇ ಎಲ್ಲ ಜಗಳ.

ನಾಯಿ ಇದೆ ಎಂದಕೂಡಲೇ ಇನ್ನೊಂದು ತಿಂಗಳ ಬಾಡಿಗೆಯನ್ನು ‘ಪೆಟ್ ಡೆಪಾಸಿಟ್’ ಎಂದು ಕೇಳುವ ಓನರ್‌ಗಳಿದ್ದಾರೆ. ಕೊಡಬೇಕೇ? ನನ್ನ ಅಭಿಪ್ರಾಯ ಕೇಳಿದರೆ, ಆರು ತಿಂಗಳು ಅಡ್ವಾನ್ಸ್ ಕೊಟ್ಟಿರುವಾಗ ಬೇಡ. 25,000 ಬಾಡಿಗೆಯ ಮನೆಗೆ 1,50,000 ರೂಪಾಯಿ ಅವರ ಬಳಿ ಇರುತ್ತದೆ. ಒಂದು ಲ್ಯಾಬ್ರಡಾರ್ ಅಷ್ಟು ಮೊತ್ತದ ಹಾನಿ ಮಾಡಬೇಕಾದರೆ ಅದು ಗೋಡೆ ಒಡೆಯಬೇಕು. ಅಡ್ವಾನ್ಸ್ ಎರಡು ತಿಂಗಳಿಗೆ ಇಳಿಸಿದರೆ ಮಾತ್ರ ಹೆಚ್ಚುವರಿ ಮೊತ್ತ ನ್ಯಾಯ. ಕೊಡುವುದಾದರೂ ಅದು ವಾಪಸ್ ಬರುವ ಹಣವೇ, ವಾಪಸ್ ಬಾರದ ಶುಲ್ಕವೇ ಎಂದು ಬರೆಸಿ. ‘ಪೆಟ್ ಚಾರ್ಜ್’ ಎಂದು ಬರೆದರೆ ಹೋಯಿತು, ‘ಡೆಪಾಸಿಟ್’ ಎಂದರೆ ಬರಬೇಕು.

ಭೋಗ್ಯಕ್ಕೆ ಮನೆ ಹಿಡಿಯುವವರ ಲೆಕ್ಕ ಇನ್ನೂ ಸೂಕ್ಷ್ಮ. ತಿಂಗಳ ಬಾಡಿಗೆ ಇಲ್ಲ, ಆದರೆ ಹತ್ತು-ಹದಿನೈದು ಲಕ್ಷ ಒಂದೇ ಗಂಟಾಗಿ ಓನರ್ ಕೈಯಲ್ಲಿರುತ್ತದೆ. ಬೆಕ್ಕಿನ ನೆಪದಲ್ಲಿ ಅದು ಮೂರು ತಿಂಗಳು ತಡವಾದರೂ ನಿಮ್ಮ ಮುಂದಿನ ಮನೆ ಕೈತಪ್ಪುತ್ತದೆ. ಭೋಗ್ಯದ ಪತ್ರದಲ್ಲಿ ಪ್ರಾಣಿಯ ವಿಷಯ ಬರೆಸುವುದು ಇನ್ನೂ ಅಗತ್ಯ.

ಅಗ್ರಿಮೆಂಟಿನಲ್ಲಿ ಏನಿರಬೇಕು

ನಮ್ಮಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟೇ ರೂಢಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಈ ಹನ್ನೊಂದರ ಲೆಕ್ಕ. ಇ-ಸ್ಟಾಂಪ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಮಾದರಿ ಸಿದ್ಧವಿರುತ್ತದೆ, ಹೆಸರು-ಬಾಡಿಗೆ ಬದಲಾಯಿಸಿ ಪ್ರಿಂಟ್ ಕೊಡುತ್ತಾರೆ. ಆ ಮಾದರಿಯಲ್ಲಿ ‘ಯಾವುದೇ ಸಾಕುಪ್ರಾಣಿ ಇಡತಕ್ಕದ್ದಲ್ಲ’ ಎಂಬ ಸಾಲು ಇದ್ದರೂ ಇರಬಹುದು. ಓನರ್ ಬಾಯಲ್ಲಿ ಸರಿ ಎಂದು, ಕಾಗದದಲ್ಲಿ ಈ ಸಾಲು ಉಳಿದುಬಿಟ್ಟರೆ ನಾಳೆ ಕಾಗದವೇ ಗೆಲ್ಲುತ್ತದೆ. ಪ್ರಿಂಟ್ ಆಗುವ ಮೊದಲು ಕುಳಿತು ಓದಿ, ತೆಗೆಸಿ.

ತೆಗೆಸಿದ ಜಾಗದಲ್ಲಿ ಹೀಗೆ ಬರೆಸಬಹುದು:

‘ಬಾಡಿಗೆದಾರರು ಈ ಮನೆಯಲ್ಲಿ ಒಂದು ಸಾಕುನಾಯಿ (ತಳಿ, ವಯಸ್ಸು, ಬಣ್ಣ) ಇಟ್ಟುಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಸದರಿ ಪ್ರಾಣಿಯಿಂದ ಮನೆಗೆ ಹಾನಿಯಾದಲ್ಲಿ, ಹಾನಿಗೊಂಡ ಭಾಗದ ದುರಸ್ತಿಯ ನಿಜವಾದ ವೆಚ್ಚವನ್ನು ಮಾತ್ರ, ಬಿಲ್ ತೋರಿಸಿ, ಅಡ್ವಾನ್ಸ್ ಮೊತ್ತದಲ್ಲಿ ಹಿಡಿಯತಕ್ಕದ್ದು. ಸಹಜ ಸವೆತಕ್ಕೆ ಹಣ ಹಿಡಿಯತಕ್ಕದ್ದಲ್ಲ. ಉಳಿದ ಮೊತ್ತವನ್ನು ಬೀಗದ ಕೈ ಹಿಂತಿರುಗಿಸಿದ ದಿನದಿಂದ ಹದಿನೈದು ದಿನಗಳೊಳಗೆ ಬಾಡಿಗೆದಾರರ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು.’

ಇದರಲ್ಲಿ ಮೂರು ಅಂಶಗಳನ್ನು ಬಿಟ್ಟುಕೊಡಬೇಡಿ: ‘ನಿಜವಾದ ವೆಚ್ಚ’, ‘ಬಿಲ್’, ಹಣ ಮರಳಿಸುವ ಗಡುವು. ಹದಿನೈದು ದಿನದ ಬದಲು ಓನರ್ ಒಂದು ತಿಂಗಳು ಎಂದರೆ ಒಪ್ಪಿಕೊಳ್ಳಿ. ‘ಹೊಸ ಬಾಡಿಗೆದಾರ ಬಂದ ಮೇಲೆ ಕೊಡ್ತೀವಿ’ ಎಂದರೆ ಒಪ್ಪಬೇಡಿ. ಹೊಸ ಬಾಡಿಗೆದಾರ ಯಾವಾಗ ಬರುತ್ತಾನೋ ಯಾರಿಗೆ ಗೊತ್ತು!

‘ಪ್ರಾಣಿ ಕಂಡುಬಂದಲ್ಲಿ ಅಡ್ವಾನ್ಸ್ ಸಂಪೂರ್ಣ ಮುಟ್ಟುಗೋಲು’ ಎಂಬ ಷರತ್ತನ್ನೂ ಕೆಲವರು ಸೇರಿಸುತ್ತಾರೆ. ಕಾಗದದ ಮೇಲೆ ನೋಡಲು ಭಯಂಕರ, ಕಾನೂನಿನಲ್ಲಿ ಅಷ್ಟು ಗಟ್ಟಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದರೆ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಪತ್ರದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೆ. ನಷ್ಟವೇ ಆಗದಿದ್ದಾಗ ಠೇವಣಿ ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧದ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಅಂಥ ಷರತ್ತಿಗೆ ಸಹಿ ಹಾಕಿ ಧೈರ್ಯವಾಗಿರಿ ಎಂದಲ್ಲ. ಹಣ ಅವರ ಕೈಯಲ್ಲಿದೆ, ಕೋರ್ಟಿಗೆ ಅಲೆಯುವವರು ನೀವು.

ಸುಣ್ಣ-ಬಣ್ಣದ ಸಾಲು ಇನ್ನೊಂದು. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯುವುದು ಬೆಂಗಳೂರಿನ ಅಲಿಖಿತ ಕಾನೂನು. ಎಷ್ಟೋ ಅಗ್ರಿಮೆಂಟುಗಳಲ್ಲಿ ಅದು ಲಿಖಿತವೂ ಹೌದು. ನಾಯಿ ಇದ್ದರೂ ಇಲ್ಲದಿದ್ದರೂ ಹಿಡಿಯುತ್ತಾರೆ. ಹಾಗಿದ್ದ ಮೇಲೆ ‘ನಾಯಿ ಗೋಡೆ ಕೊಳೆ ಮಾಡಿದೆ’ ಎಂದು ಮತ್ತೆ ಇನ್ನೊಂದು ಮೊತ್ತ ಹಿಡಿಯುವುದು ಒಂದೇ ಗೋಡೆಗೆ ಎರಡು ಸಲ ಬಣ್ಣದ ಕಾಸು ವಸೂಲಿ ಮಾಡಿದಂತೆ. ‘ಪೇಂಟಿಂಗ್ ಮೊತ್ತದಲ್ಲಿ ಗೋಡೆಯ ಎಲ್ಲ ಕಲೆಗಳೂ ಸೇರಿವೆ’ ಎಂದು ಒಂದು ವಾಕ್ಯ ಬರೆಸಿ. ಕೇಂದ್ರದ ಮಾದರಿ ಕಾಯ್ದೆಯ ಪಟ್ಟಿಯಲ್ಲಿ ಸುಣ್ಣ-ಬಣ್ಣ ಮಾಲೀಕರ ಹೊಣೆ. ಸೊಳ್ಳೆ ಪರದೆ ಬದಲಿಸುವುದು, ಒಡೆದ ಗಾಜು, ಬಾಗಿಲ ಹಿಡಿ-ಬೀಗ ಬಾಡಿಗೆದಾರರ ಹೊಣೆ. ಯಾರು ಏನು ಹೊರಬೇಕು ಎಂಬ ಮಾತುಕತೆಗೆ ಆ ಪಟ್ಟಿ ಒಳ್ಳೆಯ ಆಧಾರ.

ಬೀಗದ ಕೈ ಸಿಕ್ಕ ದಿನ

ಸಾಮಾನು ಇಳಿಸುವ ಮೊದಲು, ಖಾಲಿ ಮನೆಯಲ್ಲಿ, ಹಗಲು ಬೆಳಕಿನಲ್ಲಿ ಒಂದು ಸುತ್ತು ವಿಡಿಯೊ ಮಾಡಿ. ಎಲ್ಲರೂ ಗೋಡೆಯನ್ನೇ ತೆಗೆಯುತ್ತಾರೆ. ನಿಮಗೆ ಬೇಕಾದ್ದು ನೆಲದಿಂದ ಎರಡಡಿ ಎತ್ತರದವರೆಗಿನ ಜಾಗ, ಪ್ರಾಣಿಯ ಉಗುರು, ಹಲ್ಲು, ಬಾಲ ತಾಗುವುದು ಅಲ್ಲೇ. ಬಾಗಿಲುಗಳ ಕೆಳಭಾಗ ಎರಡೂ ಬದಿ, ಬಾಗಿಲ ಚೌಕಟ್ಟಿನ ಮೂಲೆ, ಅಡುಗೆಮನೆಯ ಕ್ಯಾಬಿನೆಟ್ಟಿನ ಕೆಳ ಅಂಚು, ವಾರ್ಡ್‌ರೋಬಿನ ತಳ, ಸೊಳ್ಳೆ ಮೆಶ್‌ನ ಪ್ರತಿ ಚೌಕಟ್ಟು, ಟೈಲ್ಸ್ ಸಂದು, ಬಾಲ್ಕನಿಯ ಮೂಲೆ. ಇರುವ ಗೀರನ್ನು ಹತ್ತಿರದಿಂದ ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ.

ಹಿಂದಿನ ಬಾಡಿಗೆದಾರರ ಬಳಿಯೂ ನಾಯಿ ಇತ್ತೇ ಎಂದು ಕೇಳಿ ನೋಡಿ. ಇತ್ತು ಎಂದಾದರೆ ಆ ಹಾನಿ ನಿಮ್ಮ ತಲೆಗೆ ಬರದಂತೆ ಬರೆಸಿಕೊಳ್ಳಬೇಕು.

ಫೋಟೊಗಳನ್ನು ಅವತ್ತೇ ಓನರ್‌ಗೆ ಕಳಿಸಿ: ‘ಸಾರ್, ಇವತ್ತು ಕೀ ತಗೊಂಡೆ. ಮನೆ ಈಗ ಹೀಗಿದೆ. ನಿಮ್ಮ ಹತ್ರಾನೂ ಇರಲಿ ಅಂತ ಕಳಿಸ್ತಿದೀನಿ.’ ವಾಟ್ಸ್ಆ್ಯಪ್ ಜೊತೆಗೆ ಇಮೇಲ್ ಕೂಡ ಮಾಡಿ. ಫೋನ್ ಬದಲಾದರೆ ಚಾಟ್ ಹೋಗಬಹುದು, ಇಮೇಲ್ ತಾರೀಖಿನ ಸಮೇತ ಉಳಿಯುತ್ತದೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದೇ ಬೇಕೆಂದರೆ ಮೊತ್ತ, ತಾರೀಖು ಹಾಕಿ ಸಹಿ ಮಾಡಿದ ರಸೀದಿ ಪಡೆಯದೆ ಕೈಬಿಡಬೇಡಿ.

ಇರುವಷ್ಟು ದಿನ: ಏನು ಹಾಳಾಗುತ್ತದೆ, ಹೇಗೆ ತಡೆಯುವುದು

ತೇಗದ ಬಾಗಿಲಿನ ಮೇಲೆ ಓನರ್‌ಗಳಿಗೆ ವಿಶೇಷ ಮಮತೆ. ಕೆಳಗಿನ ಎರಡಡಿಗೆ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಹಚ್ಚಿದರೆ ಪಾಲಿಶ್ ಉಳಿಯುತ್ತದೆ. ಅಂಟಿನ ಕಲೆ ಉಳಿಯದ ಬಗೆಯದ್ದನ್ನು ಆರಿಸಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಉಗುರನ್ನು ಆಗಾಗ ಕತ್ತರಿಸಿ. ಬೆಕ್ಕಿಗೆ ಕೆರೆಯಲು ಹಗ್ಗ ಸುತ್ತಿದ ಕಂಬ ಕೊಡದಿದ್ದರೆ ಅದು ಬಾಗಿಲ ಚೌಕಟ್ಟನ್ನೇ ಕಂಬ ಮಾಡಿಕೊಳ್ಳುತ್ತದೆ.

ನೆಲದ ವಿಷಯದಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸ. ವಿಟ್ರಿಫೈಡ್ ಟೈಲ್ಸ್ ಆದರೆ ಚಿಂತೆ ಕಡಿಮೆ, ಸಂದಿನ ಸಿಮೆಂಟ್ ಮಾತ್ರ ಮೂತ್ರ ಹೀರಿಕೊಳ್ಳುತ್ತದೆ. ಮಾರ್ಬಲ್ ನಾಜೂಕು. ಅದು ಸುಣ್ಣದ ಜಾತಿಯ ಕಲ್ಲಾದ್ದರಿಂದ ಆಮ್ಲ ತಾಗಿದರೆ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಮೂತ್ರವನ್ನು ಕೂಡಲೇ ಒರೆಸಿ, ವಾಸನೆ ಹೋಗಲೆಂದು ನಿಂಬೆರಸ, ವಿನೆಗರ್, ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಮೂತ್ರ ಮಾಡಿದ ಕಲೆಗಿಂತ ನೀವು ಮಾಡಿದ ಕಲೆ ದೊಡ್ಡದಾಗುತ್ತದೆ. ಮರದ ಹಾಗೆ ಕಾಣುವ ಲ್ಯಾಮಿನೇಟ್ ನೆಲ ಎಲ್ಲಕ್ಕಿಂತ ಕಷ್ಟದ್ದು. ಸಂದಿನೊಳಗೆ ತೇವ ಇಳಿದರೆ ಹಲಗೆಯೇ ಉಬ್ಬುತ್ತದೆ, ಉಜ್ಜಿ ಸರಿಮಾಡಲು ಬರುವುದಿಲ್ಲ. ಇನ್ನೂ ಮನೆ ಆರಿಸುವ ಹಂತದಲ್ಲಿದ್ದು ಮರಿ ನಾಯಿ ಇದ್ದರೆ ಅಂಥ ಮನೆ ಬಿಟ್ಟುಬಿಡಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಸಿಕ್ಕರೆ ಕೈಮುಗಿದು ಜೋಪಾನ ಮಾಡಿ, ಅದನ್ನು ಮತ್ತೆ ಹಾಕುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ.

ವಾಸನೆಗೆ ಕಿಣ್ವ ಇರುವ, ಅಂದರೆ ‘ಎನ್‌ಜೈಮ್’ ಕ್ಲೀನರ್ ಬಳಸಿ, ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಅಮೋನಿಯಾ ಇರುವ ದ್ರಾವಣದಿಂದ ಒರೆಸಿದರೆ ಪ್ರಾಣಿಗೆ ಅದೂ ಮೂತ್ರದ ವಾಸನೆಯಂತೆಯೇ ಅನಿಸಿ ಅಲ್ಲಿಗೇ ಮತ್ತೆ ಬರುತ್ತದೆ. ಬೆಕ್ಕಿದ್ದ ಮನೆಯಲ್ಲಿ ಫಿನೈಲ್‌ನಿಂದ ದೂರವಿರಿ. ಫೀನಾಲ್ ಬಗೆಯ ಸೋಂಕುನಿವಾರಕಗಳು ಬೆಕ್ಕಿಗೆ ವಿಷ. ನೆಲ ಒರೆಸುವವರಿಗೂ ಇದನ್ನು ಬಿಡಿಸಿ ಹೇಳಿ, ಅವರು ಬೇರೆ ನಾಲ್ಕು ಮನೆಯ ಅಭ್ಯಾಸದಂತೆ ಬಕೆಟ್ಟಿಗೆ ಸುರಿದುಬಿಡುತ್ತಾರೆ. ಗಂಡು ಬೆಕ್ಕು ಗೋಡೆಗೆ ಮೂತ್ರ ಸಿಂಪಡಿಸುವ ಚಾಳಿ ಬೇಗ ಆಪರೇಷನ್ ಮಾಡಿಸಿದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಆ ಆಪರೇಷನ್ನಿನ ಖರ್ಚನ್ನು ಅಡ್ವಾನ್ಸಿನ ವಿಮೆ ಎಂದೇ ತಿಳಿಯಿರಿ.

ಬೆಕ್ಕಿಗಾಗಿ ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸುವವರು ಗೋಡೆಗೆ ಡ್ರಿಲ್ ಮಾಡುವ ಮೊದಲು ಓನರ್‌ಗೆ ಮೆಸೇಜ್ ಮಾಡಿ ಒಪ್ಪಿಗೆ ಪಡೆಯಿರಿ. ಬಿಡುವಾಗ ನೆಟ್ ಅಲ್ಲೇ ಉಳಿಯಬೇಕೇ, ಬಿಚ್ಚಿ ತೂತು ಮುಚ್ಚಬೇಕೇ ಎಂದು ಅದರಲ್ಲೇ ಕೇಳಿ. ಪಾರಿವಾಳದ ಕಾಟ ಇರುವ ಕಡೆ ಓನರ್ ನೆಟ್ಟಿನ ಅರ್ಧ ಖರ್ಚು ಕೊಡಲು ಒಪ್ಪಿದರೂ ಆಶ್ಚರ್ಯವಿಲ್ಲ.

ಮೀನು ಸಾಕುವವರು ತಮಗೆ ಇದಾವುದೂ ಅನ್ವಯಿಸದು ಎಂದುಕೊಂಡಿರುತ್ತಾರೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ತುಂಬಿದರೆ ಸುಮಾರು 190 ಲೀಟರ್ ನೀರು. ಅಂದರೆ ಗಾಜು, ಕಲ್ಲು, ಸ್ಟ್ಯಾಂಡ್ ಬಿಟ್ಟು 190 ಕಿಲೊ. ಓನರ್‌ನ ಟಿವಿ ಯೂನಿಟ್ ಮೇಲೆ ಅದನ್ನು ಇಟ್ಟರೆ ಹಲಗೆ ಬಾಗುತ್ತದೆ. ಗಾಜಿನ ಅಂಟು ಬಿಟ್ಟರೆ ಆ ನೀರೆಲ್ಲ ಕೆಳಗಿನ ಮನೆಯ ಸೀಲಿಂಗಿಗೆ. ಬಾಡಿಗೆ ಮನೆಯಲ್ಲಿ ಒಂದು ನಾಯಿಗಿಂತ ಒಂದು ದೊಡ್ಡ ಅಕ್ವೇರಿಯಂ ಹೆಚ್ಚು ಅಪಾಯ ಎಂಬುದು ನನ್ನ ಅಂಬೋಣ.

ಉಳಿದದ್ದು ಚಿಕ್ಕವು. ಸ್ನಾನ ಮಾಡಿಸುವಾಗ ಬಚ್ಚಲ ಜಾಲರಿಗೆ ಬಟ್ಟೆಯ ಫಿಲ್ಟರ್ ಇಡಿ, ಕೂದಲು ಪೈಪಿಗೆ ಇಳಿಯದಿರಲಿ. ಉಣ್ಣೆಯ ಔಷಧ ತಪ್ಪಿಸಬೇಡಿ, ಒಮ್ಮೆ ಗೋಡೆಯ ಸಂದಿಗೆ ಸೇರಿದ ಉಣ್ಣೆಯನ್ನು ಓಡಿಸಲು ಪೆಸ್ಟ್ ಕಂಟ್ರೋಲ್ ಮಾಡಿಸಬೇಕಾಗುತ್ತದೆ. ಏನಾದರೂ ಹರಿದರೆ, ಒಡೆದರೆ ಅವತ್ತೇ ಓನರ್‌ಗೆ ಹೇಳಿ, ಸರಿಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಹರಿದ ಮೆಶ್ ಆಗಲೇ ಬದಲಾಯಿಸಿದರೆ ಒಂದು ಮೆಶ್ ಖರ್ಚು. ಮನೆ ಬಿಡುವ ದಿನಕ್ಕೆ ಉಳಿಸಿದರೆ ಓನರ್ ಲೆಕ್ಕದಲ್ಲಿ ಇಡೀ ಮನೆಯ ಮೆಶ್ ಬದಲಾಗುತ್ತದೆ.

ಹನ್ನೊಂದು ತಿಂಗಳಾದ ಮೇಲೆ ಅಗ್ರಿಮೆಂಟ್ ನವೀಕರಿಸುವಾಗ ಸಾಕುಪ್ರಾಣಿಯ ಸಾಲು ಹೊಸ ಪತ್ರದಲ್ಲೂ ಬಂದಿದೆಯೇ ನೋಡಿ. ಟೈಪ್ ಮಾಡುವವರು ಹಳೆಯ ಮಾದರಿಗೇ ಮರಳಿರುತ್ತಾರೆ. ನಡುವೆ ಎರಡನೆಯ ನಾಯಿ ಬಂದರೆ ಅದಕ್ಕೂ ಒಪ್ಪಿಗೆ ಬೇಕು.

ಮನೆ ಬಿಡುವ ತಿಂಗಳು

ಅಗ್ರಿಮೆಂಟಿನಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ಅಷ್ಟನ್ನು ಬರಹದಲ್ಲಿ ಕೊಡಿ. ಬಿಡುವ ಮೂರು ವಾರ ಮೊದಲು ಓನರ್‌ನ್ನು ಕರೆದು ಮನೆ ತೋರಿಸಿ: ‘ಏನೇನು ಸರಿಮಾಡಬೇಕು ಅಂತ ಈಗಲೇ ಹೇಳಿ ಸಾರ್, ನಾನೇ ಮಾಡಿಸ್ತೀನಿ.’ ಬಡಗಿ, ಪೇಂಟರ್ ನೀವೇ ಕರೆಸಿದರೆ ಆಗುವ ಖರ್ಚಿಗೂ ಓನರ್ ಅಂದಾಜಿಗೂ ಇರುವ ಅಂತರದಲ್ಲೇ ನಿಮ್ಮ ಹಣ ಉಳಿಯುತ್ತದೆ. ಆ ಭೇಟಿಗೆ ಮೊದಲು ಎರಡು ದಿನ ಕಿಟಕಿ ತೆರೆದಿಡಿ. ಪ್ರಾಣಿಯ ವಾಸನೆಗೆ ನಿಮ್ಮ ಮೂಗು ಒಗ್ಗಿರುತ್ತದೆ. ನಾಯಿ-ಬೆಕ್ಕು ಇಲ್ಲದ ಸ್ನೇಹಿತರೊಬ್ಬರನ್ನು ಕರೆದು ಮೂಸಲು ಹೇಳುವುದು ಸ್ವಲ್ಪ ಮುಜುಗರದ ಕೆಲಸ, ಆದರೂ ಮಾಡಿ.

ಹಣ ಹಿಡಿಯುವ ಲೆಕ್ಕ ಬಂದಾಗ ವಯಸ್ಸು ಕೇಳಿ. ಪ್ರಾಣಿಯದಲ್ಲ, ವಸ್ತುವಿನದು. ಉದಾಹರಣೆಗೆ ಹೀಗಿಟ್ಟುಕೊಳ್ಳೋಣ: ಒಂದು ಕೋಣೆಯ ಬಣ್ಣ ಐದು ವರ್ಷ ಬಾಳುತ್ತದೆ, ನೀವು ಬಂದಾಗ ಹೊಸದಾಗಿ ಹಚ್ಚಿದ್ದರು, ನೀವು ಮೂರು ವರ್ಷ ಇದ್ದಿರಿ. ಬಣ್ಣ ಹೇಗೂ ಐದರಲ್ಲಿ ಮೂರು ಪಾಲು ಸವೆದಿದೆ. ಆ ಕೋಣೆಗೆ 10,000 ರೂಪಾಯಿ ಖರ್ಚಾದರೆ, ನಾಯಿ ಕೆಡಿಸಿದ್ದೇ ನಿಜವಾದರೂ ನಿಮ್ಮ ಪಾಲು ಉಳಿದ ಎರಡು ವರ್ಷದ್ದು, 4,000. ಎಂಟು ವರ್ಷದ ಹಳೆಯ ಮೆಶ್‌ಗೆ ಹೊಸ ಮೆಶ್‌ನ ಪೂರ್ತಿ ಬೆಲೆ ಕೇಳುವುದೂ ಇದೇ ತಪ್ಪು. ಒಂದು ಬಾಗಿಲು ಕೆರೆದಿದ್ದರೆ ಒಂದು ಬಾಗಿಲಿನ ಪಾಲಿಶ್. ಎಲ್ಲ ಬಾಗಿಲೂ ಒಂದೇ ಬಣ್ಣ ಕಾಣಬೇಕು ಎಂಬುದು ಓನರ್ ಆಸೆ, ಅದರ ಖರ್ಚೂ ಅವರದೇ.

ಕೊನೆಯ ಎರಡು-ಮೂರು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ವಜಾ ಮಾಡಿಕೊಳ್ಳಿ ಎನ್ನುವುದು ಬಾಡಿಗೆದಾರರ ಹಳೆಯ ಉಪಾಯ. ಓನರ್ ಒಪ್ಪಿ ಬರೆದುಕೊಟ್ಟರೆ ಅದು ಇಬ್ಬರಿಗೂ ಸುಲಭ. ಒಪ್ಪಿಗೆಯಿಲ್ಲದೆ ಮಾಡಿದರೆ ಬಾಡಿಗೆ ಬಾಕಿದಾರರು ನೀವಾಗುತ್ತೀರಿ, ನಾಯಿಯ ಜಗಳದಲ್ಲಿ ನಿಮಗಿದ್ದ ನ್ಯಾಯವೂ ಕೈಬಿಡುತ್ತದೆ.

ಖಾಲಿ ಮನೆಯ ವಿಡಿಯೊ ಮತ್ತೆ ಮಾಡಿ, ಮೊದಲ ದಿನದ ಕೋನಗಳಲ್ಲೇ. ಬೀಗದ ಕೈ ಕೊಟ್ಟದ್ದಕ್ಕೆ ಎರಡು ಸಾಲಿನ ಬರಹ ಪಡೆಯಿರಿ. ಮೀಟರ್ ರೀಡಿಂಗ್, ನೀರಿನ ಬಿಲ್, ಹಿಡಿದ ಮೊತ್ತ, ಬರಬೇಕಾದ ಮೊತ್ತ ಅದರಲ್ಲಿರಲಿ.

ಹೊಸ ಮನೆಯಲ್ಲಿ ಪ್ರಾಣಿಗೆ ಜಾಗವಿಲ್ಲವೆಂದು ಹಳೇ ಬೀದಿಯಲ್ಲೇ ಬಿಟ್ಟುಹೋಗುವವರನ್ನೂ ನೋಡುತ್ತೇವೆ. ಹಸಿವು ಬಾಯಾರಿಕೆಗೆ ಸಿಲುಕುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಹೊಸ ಮನೆ ಗೊತ್ತಾಗುವ ಮೊದಲು ಹಳೆಯದಕ್ಕೆ ನೋಟಿಸ್ ಕೊಡಬೇಡಿ.

ಹಣ ಬರದಿದ್ದರೆ

ಮೊದಲು ವಿವರ ಕೇಳಿ. ಯಾವುದಕ್ಕೆ ಎಷ್ಟು, ಬಿಲ್ ಎಲ್ಲಿ. ಎಷ್ಟೋ ಸಲ ಈ ಒಂದು ಮೆಸೇಜಿಗೇ ಹಿಡಿದ ಮೊತ್ತ ಅರ್ಧವಾಗುತ್ತದೆ. ಹಿಂದಿನ ಫೋಟೊಗಳನ್ನು ಆಗ ತೋರಿಸಿ. ಮಾತು ಗರಂ ಆದರೆ ಫೋನ್ ಇಟ್ಟು ಬರಹಕ್ಕೆ ಬನ್ನಿ. ಪೊಲೀಸ್ ಠಾಣೆಗೆ ಹೋದರೆ ಇದು ಸಿವಿಲ್ ವ್ಯಾಜ್ಯ ಎಂದು ವಾಪಸ್ ಕಳಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ನಂತರದ್ದು ವಕೀಲರ ನೋಟಿಸ್, ಸ್ಪೀಡ್ ಪೋಸ್ಟ್‌ನಲ್ಲಿ. ಅದಕ್ಕೂ ಬಗ್ಗದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ ಹೂಡಬೇಕು, ಕಾಲಮಿತಿ ಮೂರು ವರ್ಷ. ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಓನರ್‌ನ್ನು ರಾಜಿಗೆ ಕರೆಸುವ ದಾರಿಯೂ ಇದೆ. ನಾಯಿಯ ಜಗಳಕ್ಕೆ ಅದೇ ವಾಸಿ. ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ಕೋರ್ಟ್ ಶುಲ್ಕವಿಲ್ಲ, ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಹಾಗಾಗಿ ಅಗ್ರಿಮೆಂಟನ್ನು ಮನೆಯ ಯಾವ ಸದಸ್ಯರ ಹೆಸರಿನಲ್ಲಿ ಮಾಡಿಸುತ್ತೀರಿ ಎಂಬುದನ್ನೂ ಮೊದಲೇ ಯೋಚಿಸಬಹುದು. ಕಾನೂನು ನೆರವಿನ ಸಹಾಯವಾಣಿ 15100. ಪ್ರಾಧಿಕಾರಕ್ಕೆ ಹೋಗುವಾಗ ಅಗ್ರಿಮೆಂಟ್, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ವಿವರ, ಮನೆ ಹಿಡಿದ ಮತ್ತು ಬಿಟ್ಟ ದಿನಗಳ ಫೋಟೊ-ವಿಡಿಯೊ, ರಿಪೇರಿ ಬಿಲ್‌ಗಳು, ಕೀ ಕೊಟ್ಟ ಬರಹ ಇವಿಷ್ಟು ಸಾಕು.